ಇಳಿಯುವ ಹೊತ್ತಿಗೆ ಗಾಳಿ ಎದ್ದರೆ: ವಿಮಾನ ಪ್ರಯಾಣಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಏರ್‌ಬಸ್ ಎ320 ಹಾರಿಸುವ ಪೈಲಟ್. ಮದುವೆಮನೆಗೆ ಹೋಗಲಿ, ಗೃಹಪ್ರವೇಶಕ್ಕೆ ಹೋಗಲಿ, ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಈ ಮಾತು ತೆಗೆದೇ ತೆಗೆಯುತ್ತಾರೆ: "ಮೊನ್ನೆ ಇಳಿಯುವಾಗ ವಿಮಾನ ಹೇಗೆ ಓಲಾಡಿತು ಅಂತೀರಿ, ಜೀವ ಬಾಯಿಗೆ ಬಂದಿತ್ತು." ಎಲೆ ಮುಂದೆ ಕೂತು ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ಗಸ್ಟ್ ಅಂದರೆ ಜೋರು ಗಾಳಿ ತಾನೆ?

ಅಲ್ಲ. ಗಾಳಿ ಜೋರಾಗಿದ್ದರೂ ಒಂದೇ ಸಮ ಬೀಸುತ್ತಿದ್ದರೆ ನಮಗೆ ಅಷ್ಟು ತೊಂದರೆಯಿಲ್ಲ. ಇದ್ದಕ್ಕಿದ್ದಂತೆ ಏರಿ, ಕೆಲವೇ ಸೆಕೆಂಡಿನಲ್ಲಿ ಮತ್ತೆ ಕುಸಿಯುವ ಗಾಳಿ ಇದೆಯಲ್ಲ, ಅದು ಗಸ್ಟ್. ತಂತಿಯ ಮೇಲೆ ಒಣಹಾಕಿದ ಸೀರೆ ನೋಡಿ. ಒಂದೇ ಸಮನೆ ಬೀಸುವ ಗಾಳಿಗೆ ಅದು ಒಂದು ಕಡೆ ತುಂಬಿಕೊಂಡು ನಿಲ್ಲುತ್ತದೆ. ಗಸ್ಟ್ ಬಂದರೆ ಫಟಾರನೆ ಹೊಡೆದುಕೊಂಡು, ಮರುಕ್ಷಣ ಜೋತುಬೀಳುತ್ತದೆ.

ಟವರ್‌ನವರು ಇಳಿಯುವ ಅನುಮತಿ ಕೊಡುವಾಗ ಗಾಳಿಯ ಲೆಕ್ಕವನ್ನೂ ಹೇಳುತ್ತಾರೆ. "240 ಡಿಗ್ರಿ, 18 ನಾಟ್, ಗಸ್ಟ್ 30" ಅಂದರೆ ಗಾಳಿ ನೈಋತ್ಯದ ಕಡೆಯಿಂದ ಬರುತ್ತಿದೆ, ಸರಾಸರಿ 18 ನಾಟ್ ಇದೆ, ನಡುನಡುವೆ 30ಕ್ಕೆ ಏರುತ್ತಿದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಆ 18 ಮತ್ತು 30ರ ನಡುವಿನ 12 ನಾಟ್ ಇದೆಯಲ್ಲ, ನಮ್ಮ ಕಣ್ಣು ಮೊದಲು ಅದರ ಮೇಲೆ.

ಎದುರುಗಾಳಿ ಇದ್ದರೆ ಒಳ್ಳೆಯದೇ ಅಲ್ವಾ?

ಒಳ್ಳೆಯದೇ. ಆದರೆ ಅದು ಹಠಾತ್ತನೆ ನಿಂತರೆ ಕಷ್ಟ. ಜನ ಗಾಳಿ ಏರುವುದಕ್ಕೆ ಹೆದರುತ್ತಾರೆ. ನಾವು ಹೆದರುವುದು ಅದು ಬಿದ್ದುಹೋಗುವುದಕ್ಕೆ.

ರೆಕ್ಕೆಗೆ ಬೇಕಾದದ್ದು ನೆಲದ ಮೇಲಿನ ವೇಗವಲ್ಲ, ಅದರ ಮೇಲೆ ಹರಿಯುವ ಗಾಳಿಯ ವೇಗ. ವಿಮಾನ 140 ನಾಟ್ ಗಾಳಿವೇಗದಲ್ಲಿ ಇಳಿಯುತ್ತಿದೆ ಅಂದುಕೊಳ್ಳಿ. ಆ 140ರಲ್ಲಿ 30 ನಾಟ್ ಎದುರುಗಾಳಿಯ ಪಾಲು. ಆ ಗಾಳಿ ಸಟ್ಟನೆ 15ಕ್ಕೆ ಇಳಿಯಿತು. ಅರವತ್ತು ಟನ್ ತೂಕದ ವಿಮಾನ ನೆಲದ ಮೇಲಿನ ತನ್ನ ವೇಗವನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಹೆಚ್ಚಿಸಿಕೊಳ್ಳಲಾರದು. ಹಾಗಾಗಿ ಗಾಳಿವೇಗ 125ಕ್ಕೆ ಬೀಳುತ್ತದೆ. ಎತ್ತುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಬದಲಾಗುವುದರಿಂದ, ಆ ಒಂದು ಗಳಿಗೆಯಲ್ಲಿ ರೆಕ್ಕೆ ಹೊರುವ ಭಾರದಲ್ಲಿ ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ನಿಮ್ಮ ಹೊಟ್ಟೆಯೊಳಗೆ ಗುಳುಂ ಅನ್ನುವುದು ಆಗಲೇ.

ಹಾಗಾದರೆ ಮೊದಲೇ ಏನು ತಯಾರಿ ಮಾಡಿಕೊಳ್ಳುತ್ತೀರಿ?

ಸ್ವಲ್ಪ ವೇಗವನ್ನು ಗಂಟು ಕಟ್ಟಿ ಇಟ್ಟುಕೊಂಡು ಬರುತ್ತೇವೆ. ಥ್ರಸ್ಟ್ ಅನ್ನು, ಅಂದರೆ ಇಂಜಿನ್ ತಳ್ಳುವ ಬಲವನ್ನು, ಕೈಯಲ್ಲೇ ನಡೆಸುವಾಗ ಬೋಯಿಂಗ್ 737ನವರದು ಒಂದು ಸರಳ ಲೆಕ್ಕ: ಸ್ಥಿರ ಎದುರುಗಾಳಿಯಲ್ಲಿ ಅರ್ಧ, ಗಸ್ಟ್‌ನಿಂದ ಏರುವ ಭಾಗ ಪೂರ್ತಿ, ಎರಡನ್ನೂ ಕೂಡಿಸಿ ಇಳಿಯುವ ವೇಗಕ್ಕೆ ಸೇರಿಸುವುದು. ಗಾಳಿ ನೇರ ಎದುರಿನಿಂದ 10 ನಾಟ್, ಗಸ್ಟ್ 20 ಇದ್ದರೆ 5 ಮತ್ತು 10, ಒಟ್ಟು 15. ಅದಕ್ಕಿಂತ ಜಾಸ್ತಿ ಸೇರಿಸುವ ಹಾಗಿಲ್ಲ.

ನಮ್ಮ ಏರ್‌ಬಸ್‌ನಲ್ಲಿ ಈ ಕೆಲಸದ ಬಹುಪಾಲನ್ನು ಕಂಪ್ಯೂಟರ್ ಮಾಡುತ್ತದೆ. ಟವರ್ ಹೇಳಿದ ಗಾಳಿಯನ್ನು ನಾವು ಅದಕ್ಕೆ ಕೊಟ್ಟಿರುತ್ತೇವೆ. ಎದುರುಗಾಳಿ ಅದಕ್ಕಿಂತ ಏರಿದರೆ ಗುರಿಯ ವೇಗವನ್ನೂ ಅದು ತಾನೇ ಏರಿಸುತ್ತದೆ, ಗಾಳಿ ಇಳಿದರೆ ಇಳಿಸುತ್ತದೆ. ಇದನ್ನು ಗ್ರೌಂಡ್ ಸ್ಪೀಡ್ ಮಿನಿ ಅನ್ನುತ್ತೇವೆ. ಎದುರಿನ ಪರದೆಯಲ್ಲಿ ವೇಗ ತೋರಿಸುವ ಪಟ್ಟಿಯ ಮೇಲೆ ಆ ಗುರಿಯ ಗುರುತು ಮೇಲೆ ಕೆಳಗೆ ಜಾರುತ್ತಿದ್ದರೆ ಹೊರಗೆ ಗಾಳಿ ಹೇಗಿದೆ ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಹಾಗಂತ ವೇಗವನ್ನು ಮನಸ್ಸಿಗೆ ಬಂದಷ್ಟು ಸೇರಿಸಲಾಗದು. ನೆಲ ಮುಟ್ಟುವ ವೇಗ ನೂರಕ್ಕೆ ಹತ್ತು ಹೆಚ್ಚಾದರೆ ನಿಲ್ಲಲು ಬೇಕಾದ ದೂರ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುತ್ತದೆ. ಮಂಗಳೂರಿನ ದೊಡ್ಡ ರನ್‌ವೇ 2,450 ಮೀಟರ್, ಎರಡೂ ತುದಿಯಲ್ಲಿ ಇಳಿಜಾರು. ಅಲ್ಲಿ ಒಂದೊಂದು ನಾಟ್‌ಗೂ ಲೆಕ್ಕವಿದೆ.

ಇಂಜಿನ್ ಒಮ್ಮೆ ಗುಡುಗುತ್ತದೆ, ಒಮ್ಮೆ ಸುಮ್ಮನಾಗುತ್ತದೆ. ಏನಾದರೂ ಕೆಟ್ಟಿದೆಯಾ?

ಇಲ್ಲ. ಗಾಳಿ ಬಿದ್ದಾಗ ಥ್ರಸ್ಟ್ ಏರುತ್ತದೆ, ಗಾಳಿ ಎದ್ದಾಗ ಇಳಿಯುತ್ತದೆ. ಆದರೆ ಪೂರ್ತಿ ಸುಮ್ಮನಾಗಲು ಬಿಡುವುದಿಲ್ಲ. ಜೆಟ್ ಇಂಜಿನ್ ತೀರಾ ಕೆಳಗಿನ ಹಂತದಿಂದ ಪೂರ್ತಿ ಶಕ್ತಿಗೆ ಏರಲು ಕೆಲವು ಸೆಕೆಂಡು ಬೇಕು. ನೆಲ ಹತ್ತಿರವಿರುವಾಗ ಆ ಸೆಕೆಂಡುಗಳು ನಮ್ಮ ಹತ್ತಿರ ಇರುವುದಿಲ್ಲ.

ವಿಮಾನ ಅಡ್ಡಡ್ಡ ಬರುತ್ತದಲ್ಲ, ಅದು ಯಾಕೆ?

ತುಂಬಿದ ಹೊಳೆ ದಾಟುವ ಅಂಬಿಗನನ್ನು ನೋಡಿದ್ದೀರಾ? ಎದುರಿನ ಕಟ್ಟೆಗೆ ಹೋಗಬೇಕಾದರೆ ಅವನು ದೋಣಿಯ ಮೂತಿಯನ್ನು ಕಟ್ಟೆಯ ಕಡೆಗೆ ಇಡುವುದಿಲ್ಲ. ನೀರು ಬರುವ ಕಡೆಗೆ ಓರೆಯಾಗಿ ಇಡುತ್ತಾನೆ. ದೋಣಿ ಓರೆಯಾಗಿಯೇ ಹೋಗಿ ನೇರ ಕಟ್ಟೆಗೆ ತಾಗುತ್ತದೆ. ನಾವು ಮಾಡುವುದೂ ಅದೇ. ಅಡ್ಡಗಾಳಿ ಬರುವ ಕಡೆಗೆ ಮೂತಿ ತಿರುಗಿಸಿಕೊಂಡು ಬರುತ್ತೇವೆ. 140 ನಾಟ್ ವೇಗದಲ್ಲಿ 30 ನಾಟ್ ಪೂರಾ ಅಡ್ಡಗಾಳಿ ಇದ್ದರೆ ಓರೆ ಸುಮಾರು 12 ಡಿಗ್ರಿ. ಆಗ ರನ್‌ವೇ ನನಗೆ ಎದುರಿನ ಗಾಜಿನ ನಡುವೆ ಕಾಣುವುದಿಲ್ಲ, ಪಕ್ಕಕ್ಕೆ ಸರಿದು ಕಾಣುತ್ತದೆ. ಹೊಸದಾಗಿ ಕಲಿಯುವವರಿಗೆ ಇದಕ್ಕೆ ಕಣ್ಣು ಒಗ್ಗಲು ಸಮಯ ಹಿಡಿಯುತ್ತದೆ.

ಹೀಗೇ ಓರೆಯಾಗಿ ನೆಲ ಮುಟ್ಟಿದರೆ ಚಕ್ರಗಳಿಗೆ ಪಕ್ಕದಿಂದ ಭಾರಿ ಎಳೆತ ಬೀಳುತ್ತದೆ. ಅದಕ್ಕೆ ಕೊನೆಯ ಕ್ಷಣದಲ್ಲಿ ಮೂತಿಯನ್ನು ನೇರ ಮಾಡಬೇಕು. ಅಮೆರಿಕದ ಬಿ-52 ಬಾಂಬರ್‌ಗೆ ಚಕ್ರಗಳನ್ನೇ 20 ಡಿಗ್ರಿ ತನಕ ತಿರುಗಿಸಿಕೊಳ್ಳುವ ಏರ್ಪಾಡು ಇದೆ. ಪ್ರಯಾಣಿಕರ ವಿಮಾನದಲ್ಲಿ ಆ ಕೆಲಸ ಪೈಲಟ್‌ನ ಕಾಲಿನದು.

ಕೊನೆಯ ಒಂದು ನಿಮಿಷ ಕಾಕ್‌ಪಿಟ್‌ನಲ್ಲಿ ಏನು ನಡೆಯುತ್ತದೆ?

ಐನೂರು ಅಡಿಯಿಂದ ಶುರು ಮಾಡೋಣ. ಅಲ್ಲಿಂದ ನೆಲಕ್ಕೆ ಸುಮಾರು ಮುಕ್ಕಾಲು ನಿಮಿಷ. ನನ್ನ ಎಡಗೈ ವಿಮಾನವನ್ನು ವಾಲಿಸುವ, ಮೂತಿ ಎತ್ತಿ ಇಳಿಸುವ ಸೈಡ್‌ಸ್ಟಿಕ್ ಮೇಲೆ, ಬಲಗೈ ಥ್ರಸ್ಟ್ ಲಿವರ್ ಮೇಲೆ, ಕಾಲುಗಳು ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಮೇಲೆ. ಪಕ್ಕದ ಪೈಲಟ್‌ನ ಕಣ್ಣು ಉಪಕರಣಗಳ ಮೇಲೆ. ವೇಗ ಗುರಿಗಿಂತ 10 ನಾಟ್ ಏರಿದರೂ 5 ನಾಟ್ ಇಳಿದರೂ ಅವರು "ಸ್ಪೀಡ್" ಅನ್ನುತ್ತಾರೆ. ನಿಮಿಷಕ್ಕೆ ಸಾವಿರ ಅಡಿಗಿಂತ ಜೋರಾಗಿ ಇಳಿದರೆ "ಸಿಂಕ್ ರೇಟ್". ಇಬ್ಬರ ನಡುವೆ ಬೇರೆ ಮಾತು ಇರುವುದಿಲ್ಲ.

ಗಾಳಿ ಎಡ ರೆಕ್ಕೆಯನ್ನು ಎತ್ತುತ್ತದೆ. ಸ್ಟಿಕ್ ಅನ್ನು ಸ್ವಲ್ಪ ಎಡಕ್ಕೆ ಒತ್ತಿ, ಬಿಡುತ್ತೇನೆ. ಮತ್ತೆ ನೋಡುತ್ತೇನೆ. ಇಲ್ಲಿ ಎಲ್ಲರೂ ಮೊದಮೊದಲು ಮಾಡುವ ತಪ್ಪು ಒಂದೇ: ಮಜ್ಜಿಗೆ ಕಡೆದ ಹಾಗೆ ಸ್ಟಿಕ್ ಆಡಿಸುವುದು. ಗಾಳಿಯ ಪ್ರತಿ ಪೆಟ್ಟಿಗೂ ಉತ್ತರ ಕೊಡಲು ಹೋದರೆ, ನಮ್ಮ ಉತ್ತರ ಮುಟ್ಟುವಷ್ಟರಲ್ಲಿ ಆ ಪೆಟ್ಟು ಹೋಗಿರುತ್ತದೆ. ಆಮೇಲೆ ನಾವು ಗಾಳಿಯ ಜೊತೆಯಲ್ಲ, ನಮ್ಮ ಕೈಯ ಜೊತೆಯೇ ಗುದ್ದಾಡುತ್ತಿರುತ್ತೇವೆ. ಸಣ್ಣ ಕುಲುಕಾಟವನ್ನು ವಿಮಾನದ ಕಂಪ್ಯೂಟರ್ ತಾನೇ ಸರಿಮಾಡಿಕೊಳ್ಳುತ್ತದೆ. ವಿಮಾನ ಹೋಗಬೇಕಾದ ದಾರಿ ಬಿಟ್ಟಾಗ ಮಾತ್ರ ಕೈ ಆಡಬೇಕು.

ನೂರು ಅಡಿ. ರನ್‌ವೇ ಪಕ್ಕದ ಗಾಳಿಚೀಲದ ಕಡೆ ಒಂದು ನೋಟ. ಉಬ್ಬಿ ನೆಟ್ಟಗೆ ನಿಂತಿದೆ, ತುದಿ ನಡುಗುತ್ತಿದೆ. "ಫಿಫ್ಟಿ, ಫಾರ್ಟಿ, ಥರ್ಟಿ" ಅಂತ ಯಂತ್ರದ ದನಿ ಎತ್ತರ ಹೇಳುತ್ತದೆ. ಮೂವತ್ತರ ಹೊತ್ತಿಗೆ ಮೂತಿಯನ್ನು ಮೆಲ್ಲಗೆ ಎತ್ತುತ್ತೇನೆ. ಗಾಳಿ ಎಡದಿಂದ ಇದ್ದರೆ ಬಲಗಾಲು ಪೆಡಲ್ ಒತ್ತುತ್ತದೆ, ಮೂತಿ ರನ್‌ವೇಗೆ ನೇರವಾಗುತ್ತದೆ. ಮೂತಿ ಬಲಕ್ಕೆ ತಿರುಗುವಾಗ ಎಡ ರೆಕ್ಕೆ ಮೇಲೇಳಲು ನೋಡುತ್ತದೆ. ಕೈ ಸ್ಟಿಕ್ಕನ್ನು ಎಡಕ್ಕೆ ಹಿಡಿದು ಅದನ್ನು ತಡೆಯುತ್ತದೆ. "ಟ್ವೆಂಟಿ, ರಿಟಾರ್ಡ್." ಥ್ರಸ್ಟ್ ಲಿವರ್ ಹಿಂದಕ್ಕೆ. ಗಾಳಿ ಕಡೆಯ ಚಕ್ರ ಮೊದಲು ಮುಟ್ಟುತ್ತದೆ, ಆಮೇಲೆ ಇನ್ನೊಂದು, ಆಮೇಲೆ ಮೂತಿಯದು.

ಅಷ್ಟಕ್ಕೇ ಮುಗಿಯಲಿಲ್ಲ. ಬಾಲದ ದೊಡ್ಡ ರೆಕ್ಕೆಗೆ ಅಡ್ಡಗಾಳಿ ಬಡಿದು ವಿಮಾನದ ಮೂತಿ ಗಾಳಿಯ ಕಡೆಗೇ ತಿರುಗಲು ನೋಡುತ್ತಿರುತ್ತದೆ. ಓಡುವ ವೇಗ ತಗ್ಗುವ ತನಕ ಕಾಲು ಪೆಡಲ್ ಬಿಡುವ ಹಾಗಿಲ್ಲ.

ದಡ್ ಅಂತ ಕುಕ್ಕಿದರು. ಪೈಲಟ್ ಹೊಸಬರಾ?

ಈ ಪ್ರಶ್ನೆಗೆ ಉತ್ತರ ಹೇಳಬೇಕು ಅಂತಲೇ ನಾನು ಇದನ್ನು ಬರೆಯಲು ಕೂತದ್ದು.

ಗಾಳಿ ಎದ್ದಿರುವ ದಿನ ಹೂವಿನ ಹಾಗೆ ಇಳಿಸಲು ಹೋಗುವುದು ತಪ್ಪು. ಮೆತ್ತಗೆ ಇಳಿಯಬೇಕಾದರೆ ವಿಮಾನವನ್ನು ನೆಲದ ಮೇಲೆ ನಾಲ್ಕಾರು ಅಡಿ ಎತ್ತರದಲ್ಲಿ ತೇಲಿಸಿಕೊಂಡು ಹೋಗಬೇಕು. ಆ ತೇಲುವ ಹೊತ್ತಿನಲ್ಲಿ ವೇಗ ಕರಗುತ್ತಿರುತ್ತದೆ, ರನ್‌ವೇ ಹಿಂದೆ ಓಡುತ್ತಿರುತ್ತದೆ. ಅದೇ ಹೊತ್ತಿಗೆ ಒಂದು ಗಸ್ಟ್ ಬಂದರೆ ವಿಮಾನ ಮತ್ತೆ ಮೇಲೇಳುತ್ತದೆ, ಇಲ್ಲವೇ ಪಕ್ಕಕ್ಕೆ ಜರುಗುತ್ತದೆ. ಅದಕ್ಕೆ ನಮಗೆ ಕಲಿಸುವುದೇ ಹೀಗೆ: ಗುರುತು ಹಾಕಿದ ಜಾಗದಲ್ಲಿ ಗಟ್ಟಿಯಾಗಿ ಕೂರಿಸು. ಗಟ್ಟಿಯಾಗಿ ಕೂತರೆ ಚಕ್ರದ ಮೇಲೆ ಭಾರ ಬೀಳುತ್ತದೆ, ರೆಕ್ಕೆಯ ಎತ್ತುವ ಬಲ ಕಡಿಮೆ ಮಾಡುವ ಸ್ಪಾಯ್ಲರ್ ಹಲಗೆಗಳು ಅದರ ಬೆನ್ನಿನ ಮೇಲೆ ತಕ್ಷಣ ಏಳುತ್ತವೆ, ಬ್ರೇಕ್ ಹಿಡಿಯುತ್ತದೆ. ಒದ್ದೆ ರನ್‌ವೇಯಲ್ಲಿ ಟೈರು ನೀರಿನ ಪದರವನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ.

ಮಳೆಗಾಲದಲ್ಲಿ ದಡ್ ಅಂತ ಇಳಿದ ವಿಮಾನದ ಪೈಲಟ್ ಬಹುಪಾಲು ಸಲ ಸರಿಯಾದದ್ದನ್ನೇ ಮಾಡಿರುತ್ತಾರೆ. ಮೆತ್ತಗೆ ಇಳಿಸಿದವರಿಗೆ ಚಪ್ಪಾಳೆ, ಗಟ್ಟಿಯಾಗಿ ಇಳಿಸಿದವರಿಗೆ ಬೈಗುಳ ಅಂತಾದರೆ, ಎಳೆಯ ಪೈಲಟ್‌ಗಳ ಮನಸ್ಸಿನಲ್ಲಿ ತಪ್ಪು ಆಸೆ ಹುಟ್ಟುತ್ತದೆ. ಅದು ನನಗೆ ನಿಜವಾಗಿ ಕಳವಳದ ವಿಷಯ.

ಇದನ್ನೆಲ್ಲ ಆಟೋಪೈಲಟ್‌ಗೇ ಬಿಡಬಹುದಲ್ಲ?

ಮಂಜಿನಲ್ಲಿ ಬಿಡುತ್ತೇವೆ, ಗಾಳಿಯಲ್ಲಿ ಬಿಡುವುದಿಲ್ಲ. ಎ320 ತಾನಾಗಿ ಇಳಿಯಲು ಅಡ್ಡಗಾಳಿಯ ಮಿತಿ 20 ನಾಟ್, ಹಿಂಗಾಳಿಯದು 10. ಮನುಷ್ಯರ ಕೈಯಲ್ಲಿ ಅದೇ ವಿಮಾನವನ್ನು 33 ನಾಟ್ ಅಡ್ಡಗಾಳಿ, 38ರ ಗಸ್ಟ್ ತನಕ ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ್ದಾರೆ.

ಹಾಗಾದರೆ 38 ಆದ ಮೇಲೆ ಇಳಿಯುವುದೇ ಇಲ್ಲವಾ?

ಆ ಸಂಖ್ಯೆ ಪರೀಕ್ಷೆಯ ದಿನ ಸಿಕ್ಕ ಗಾಳಿಯದು. ಅದನ್ನೇ ಅಥವಾ ಅದಕ್ಕಿಂತ ಕಡಿಮೆಯದನ್ನು ಏರ್‌ಲೈನ್‌ಗಳು ತಮ್ಮ ಮಿತಿಯಾಗಿ ಇಟ್ಟುಕೊಳ್ಳುತ್ತವೆ. ರನ್‌ವೇ ಒದ್ದೆಯಾಗಿದ್ದರೆ ಮಿತಿ ಇಳಿಯುತ್ತದೆ. ಕೋ-ಪೈಲಟ್‌ಗೆ ಸಾಮಾನ್ಯವಾಗಿ ಇನ್ನೂ ಕಡಿಮೆ.

ಗಾಳಿ ಪೂರ್ತಿ ಅಡ್ಡವೇ ಬರಬೇಕೆಂದಿಲ್ಲ. ಬೆಂಗಳೂರಿನ ರನ್‌ವೇಗಳು ಪೂರ್ವ-ಪಶ್ಚಿಮ. ಮುಂಗಾರಿನಲ್ಲಿ ಪಡುವಣ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಮುಖ ಮಾಡಿ ಇಳಿಯುತ್ತೇವೆ. ಗಾಳಿ 30 ಡಿಗ್ರಿ ಓರೆ ಇದ್ದರೆ ಅರ್ಧ ಮಾತ್ರ ಅಡ್ಡಗಾಳಿ, 60 ಡಿಗ್ರಿ ಆದರೆ ಹೆಚ್ಚುಕಡಿಮೆ ಪೂರ್ತಿ. ಪಶ್ಚಿಮ ಅಂದರೆ 270 ಡಿಗ್ರಿ. ಹಾಗಾಗಿ ಮೊದಲು ಹೇಳಿದ 240 ಡಿಗ್ರಿ, ಗಸ್ಟ್ 30ರ ಗಾಳಿ ಅಲ್ಲಿ ಬರೀ 15 ನಾಟ್ ಅಡ್ಡಗಾಳಿಯಾಗುತ್ತದೆ.

ನೆಲ ಮುಟ್ಟುವಷ್ಟರಲ್ಲಿ ಮತ್ತೆ ಮೇಲೆ ಹಾರಿಸಿದರು. ಅಪಾಯ ತಪ್ಪಿತಾ?

ಅಪಾಯದ ಹತ್ತಿರ ಹೋಗುವ ಮೊದಲೇ ತಿರುಗಿದರು ಅನ್ನಿ. ಇದಕ್ಕೆ ಗೋ-ಅರೌಂಡ್ ಅನ್ನುತ್ತೇವೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತದ ಹೊತ್ತಿಗೆ ಚೆನ್ನೈನಲ್ಲಿ ವಿಮಾನವೊಂದು ಓಲಾಡುತ್ತಾ ರನ್‌ವೇ ಹತ್ತಿರ ಬಂದು ಮತ್ತೆ ಮೇಲೆ ಹೋದ ವಿಡಿಯೋ ಎಲ್ಲರ ಮೊಬೈಲ್‌ನಲ್ಲೂ ಓಡಾಡಿತು. ನೋಡಿದವರಿಗೆ ಎದೆ ಧಸಕ್ಕೆಂದಿತು. ನನಗೆ ಕಂಡದ್ದು ಸರಿಯಾದ ಹೊತ್ತಿಗೆ ತೆಗೆದುಕೊಂಡ ಸರಿಯಾದ ತೀರ್ಮಾನ.

ನನ್ನದೇ ಒಂದು ಹೇಳುತ್ತೇನೆ. ಜೂನ್ ತಿಂಗಳ ಸಂಜೆ, ಕರಾವಳಿಯ ಒಂದು ನಿಲ್ದಾಣ. ನಲವತ್ತು ಅಡಿಯಲ್ಲಿ ಗಾಳಿ ಸಟ್ಟನೆ ಬಿತ್ತು, ಮತ್ತೆ ಎದ್ದಿತು, ವಿಮಾನ ರನ್‌ವೇ ನಡುಗೆರೆಯಿಂದ ಪಕ್ಕಕ್ಕೆ ಜರುಗಿತು. ಸರಿಮಾಡಬಹುದು ಅಂತ ಕೈಗೆ ಅನ್ನಿಸಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ, ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ "ಗೋ ಅರೌಂಡ್" ಅಂದಳು. ಲಿವರ್ ಮುಂದಕ್ಕೆ ತಳ್ಳಿದೆ. ಎರಡನೇ ಸಲ ಇಳಿದ ಮೇಲೆ ಬಾಗಿಲ ಬಳಿ ವಯಸ್ಸಾದ ಅಮ್ಮ ಒಬ್ಬರು ಕೇಳಿದರು, "ಮೊದಲನೇ ಸಲ ಯಾಕಪ್ಪಾ ಆಗಲಿಲ್ಲ?" "ಗಾಳಿ ಸರಿ ಇರಲಿಲ್ಲ ಅಮ್ಮ, ಅದಕ್ಕೇ ಬಿಟ್ಟೆ" ಅಂದೆ. "ಒಳ್ಳೇದು ಮಾಡಿದೆ" ಅಂದರು.

"ಗೋ ಅರೌಂಡ್" ಅನ್ನುವ ಆ ಹುಡುಗಿಯ ಮಾತು ಹೇಳುವುದು, ಅದನ್ನು ಕೇಳಿಸಿಕೊಳ್ಳುವುದು ಎಷ್ಟು ದೊಡ್ಡದು ಅನ್ನುವುದು ಕನ್ನಡಿಗರಿಗೆ ಗೊತ್ತಿರಬೇಕು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ತೀರಿಕೊಂಡರು, 8 ಜನ ಉಳಿದರು. ಅವತ್ತು ಗಾಳಿಯ ಕಾಟವೇ ಇರಲಿಲ್ಲ. ವಿಮಾನ ಎತ್ತರದಲ್ಲಿತ್ತು, ವೇಗ ಹೆಚ್ಚಿತ್ತು. ಕೋ-ಪೈಲಟ್ ಗೋ-ಅರೌಂಡ್ ಅಂತ ಹೇಳಿದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಡಲಿಲ್ಲ ಅಂತ ತನಿಖೆ ಹೇಳಿತು. ಎತ್ತರ, ವೇಗ ಸರಿಯಿಲ್ಲದೆ ರನ್‌ವೇ ಕಡೆಗೆ ಇಳಿದು ಬರುವ ಅಪ್ರೋಚ್‌ಗಳಲ್ಲಿ ನೂರಕ್ಕೆ ಮೂರರಷ್ಟು ಮಾತ್ರ ಗೋ-ಅರೌಂಡ್ ಆಗುತ್ತವೆ ಅಂತ ಫ್ಲೈಟ್ ಸೇಫ್ಟಿ ಫೌಂಡೇಶನ್ ಕಂಡುಕೊಂಡಿದೆ. ಇಳಿದೇಬಿಡೋಣ ಅನ್ನುವ ಎಳೆತ ಅಷ್ಟು ಗಟ್ಟಿ. ನಿಮ್ಮ ವಿಮಾನ ಮತ್ತೆ ಮೇಲೆ ಹೋದರೆ ದಯವಿಟ್ಟು ಪೈಲಟ್ ಮೇಲೆ ಸಿಟ್ಟಾಗಬೇಡಿ.

ಗುಡುಗು ಮಳೆ ಇದ್ದರೆ ವಿಮಾನವನ್ನು ಕಾಯಿಸುತ್ತಾರಲ್ಲ, ಅಷ್ಟೊಂದು ಭಯವಾ?

ಹೌದು, ಭಯಪಡಬೇಕಾದದ್ದೇ. ಏಪ್ರಿಲ್-ಮೇ ತಿಂಗಳ ಸಂಜೆ, ಮಳೆ ಬರುವ ಮೊದಲು ತಣ್ಣನೆ ಗಾಳಿ ಧೂಳೆಬ್ಬಿಸಿಕೊಂಡು ಬರುತ್ತದಲ್ಲ? ಆ ತಂಪು ಮೋಡದ ಒಳಗಿನಿಂದ ಕೆಳಗೆ ಸುರಿದ ಗಾಳಿಯದು. ಅಂಗಳಕ್ಕೆ ಒಂದು ಕೊಡ ನೀರು ಸುರಿದರೆ ಸುತ್ತಲೂ ಹರಡುವ ಹಾಗೆ ಅದು ನೆಲಕ್ಕೆ ಬಡಿದು ಎಲ್ಲ ಕಡೆಗೂ ಹರಡುತ್ತದೆ. ಇದರ ಸಣ್ಣ, ಬಿರುಸಾದ ರೂಪವೇ ಮೈಕ್ರೋಬರ್ಸ್ಟ್.

ವಿಮಾನ ಅದರೊಳಗೆ ಹೊಕ್ಕರೆ ಮೊದಲು ಎದುರುಗಾಳಿ ಏರುತ್ತದೆ, ವೇಗ ಹೆಚ್ಚುತ್ತದೆ. ಪೈಲಟ್ ಥ್ರಸ್ಟ್ ತಗ್ಗಿಸುತ್ತಾರೆ. ಮರುಗಳಿಗೆ ಮೇಲಿನಿಂದ ಗಾಳಿ ಒತ್ತುತ್ತದೆ. ಅದರ ಬೆನ್ನಿಗೇ ಹಿಂಗಾಳಿ, ವೇಗ ಪಾತಾಳಕ್ಕೆ. 1985ರ ಆಗಸ್ಟ್ 2ರಂದು ಅಮೆರಿಕದ ಡಾಲಸ್‌ನಲ್ಲಿ ಡೆಲ್ಟಾ 191 ಹೀಗೇ ಬಿದ್ದು 137 ಜನ ಹೋದರು. ಇಂಥ ಗಾಳಿ ಇದೆ ಅಂತ ಮೊದಲು ಗುರುತಿಸಿದವರು ಚಿಕಾಗೋದಲ್ಲಿದ್ದ ಜಪಾನಿನ ವಿಜ್ಞಾನಿ ಟೆಟ್ಸುಯಾ ಫುಜಿಟಾ. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಬಿದ್ದ ಈಸ್ಟರ್ನ್ 66 ವಿಮಾನದ ಕಾರಣ ಹುಡುಕುತ್ತಾ ಅವರು ಇದನ್ನು ಕಂಡರು. ಮೊದಲು ಅನೇಕರು ನಂಬಲಿಲ್ಲ.

ಈಗ ನಮ್ಮ ವಿಮಾನದ ಮೂತಿಯಲ್ಲಿರುವ ರೇಡಾರ್ ಮುಂದಿನ ಗಾಳಿಯನ್ನು ಓದಿ "ಗೋ ಅರೌಂಡ್, ವಿಂಡ್‌ಶಿಯರ್ ಅಹೆಡ್", ಅಂದರೆ ಮುಂದೆ ಗಾಳಿ ಹಠಾತ್ತನೆ ಬದಲಾಗುತ್ತಿದೆ, ಮೇಲೆ ಹೋಗು ಅಂತ ಕೂಗುತ್ತದೆ. ಆ ಕೂಗು ಬಂದಮೇಲೆ ಯೋಚನೆ ಇಲ್ಲ. ಗಾಳಿ ಆಗಲೇ ಹಿಡಿದಿದ್ದರೆ ಪೂರ್ತಿ ಥ್ರಸ್ಟ್, ಮೂತಿ ಮೇಲೆ, ಚಕ್ರ ಮತ್ತು ಫ್ಲ್ಯಾಪ್ (ಇಳಿಯಲು ರೆಕ್ಕೆಯ ಹಿಂದೆ ಚಾಚುವ ಹಲಗೆ) ಇದ್ದ ಹಾಗೇ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ಗೆ ಹೋದಾಗ ಇಂಥವನ್ನು ಮಾಡಿ ಮಾಡಿ ಬೆವರುತ್ತೇವೆ.

ರೆಕ್ಕೆ ನೆಲಕ್ಕೆ ತಾಗಿದ್ದು ಉಂಟಾ?

ಉಂಟು. 2008ರ ಮಾರ್ಚ್ 1ರಂದು ಎಮ್ಮಾ ಬಿರುಗಾಳಿಯ ದಿನ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಲುಫ್ತಾನ್ಸಾದ ಎ320 ಇಳಿಯುವಾಗ ಎಡ ರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಪೈಲಟ್‌ಗಳು ತಕ್ಷಣ ಗೋ-ಅರೌಂಡ್ ಮಾಡಿದರು. ಆಮೇಲೆ ಗಾಳಿಗೆ ಹೆಚ್ಚು ಎದುರಾಗಿದ್ದ ಇನ್ನೊಂದು ರನ್‌ವೇಯಲ್ಲಿ ಇಳಿದರು, ಯಾರಿಗೂ ಗಾಯವಾಗಲಿಲ್ಲ. ಒಂದು ಕಡೆಯ ಚಕ್ರ ಮುಟ್ಟಿದ ಕೂಡಲೇ ಕಂಪ್ಯೂಟರ್ ನೆಲದ ಲೆಕ್ಕಕ್ಕೆ ಬದಲಾಗಿ, ರೆಕ್ಕೆ ನೇರ ಮಾಡುವ ಪೈಲಟ್‌ನ ಹಿಡಿತ ತಗ್ಗಿತ್ತು ಅನ್ನುವುದು ತನಿಖೆಯಲ್ಲಿ ಹೊರಬಿತ್ತು. ಎ320 ಹಾರಿಸುವ ನಮಗೆಲ್ಲ ಅದು ಪಾಠವಾಯಿತು.

ರೆಕ್ಕೆ ಮುರಿದುಬಿಟ್ಟರೆ?

ಗಾಳಿಗೆ ಬಾಗುವುದಕ್ಕೇ ಅದನ್ನು ಮಾಡಿರುವುದು. ವಿಮಾನದ ಆಯುಷ್ಯದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ತಡೆಯಬೇಕು ಅನ್ನುವುದು ನಿಯಮ. ಇಳಿಯುವಾಗಿನ ಓಲಾಟ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಪೆಟ್ರೋಲ್ ಖಾಲಿಯಾಗುವುದಿಲ್ಲವಾ, ಸುತ್ತುತ್ತಾ ಇದ್ದರೆ?

ನಮ್ಮದು ಪೆಟ್ರೋಲ್ ಅಲ್ಲ, ಸೀಮೆಎಣ್ಣೆಯ ಜಾತಿಯದು. ಹೊರಡುವಾಗಲೇ ಇಳಿಯುವ ಊರಿನ ತನಕ, ಅಲ್ಲಿಂದ ಬೇರೆ ಊರಿಗೆ ಹೋಗುವಷ್ಟು, ಅದರ ಮೇಲೆ 30 ನಿಮಿಷ ಹಾರುವಷ್ಟು ಇಂಧನ ಇರಲೇಬೇಕು. ಮುಂಗಾರಿನಲ್ಲಿ ಇನ್ನೂ ಸ್ವಲ್ಪ ಹಾಕಿಸಿಕೊಳ್ಳುತ್ತೇವೆ. ಬೆಂಗಳೂರಿಗೆ ಹೊರಟವರು ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಇಳಿದು ಕಾಯುವುದು ಹೀಗೆ. ಬೇಜಾರಾಗುತ್ತದೆ ನಿಜ, ಮನೆಯಲ್ಲಿ ಅಡುಗೆ ಮಾಡಿ ಕಾಯುತ್ತಿರುತ್ತಾರೆ.

ಯಾವ ಸೀಟಿನಲ್ಲಿ ಕೂತರೆ ಕಡಿಮೆ ಕುಲುಕುತ್ತದೆ?

ರೆಕ್ಕೆಯ ನೇರಕ್ಕೆ. ಬಾಲದ ಕಡೆ ಜಾಸ್ತಿ. ಎಲ್ಲೇ ಕೂತರೂ ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಗೆ ಬಿಗಿಯಾಗಿ ಹಾಕಿ. ಮಡಿಲಲ್ಲಿ ಮಗು ಇದ್ದರೆ ಮಗುವಿನ ಬೆಲ್ಟ್ ಕೇಳಿ ಪಡೆಯಿರಿ, ನಿಮ್ಮ ಬೆಲ್ಟಿನೊಳಗೇ ಸೇರಿಸಿಕೊಳ್ಳಬೇಡಿ.

ಕಿಟಕಿ ಪಕ್ಕ ಕೂತಿದ್ದರೆ ಏನು ನೋಡಬೇಕು?

ರೆಕ್ಕೆಯ ಹಿಂಬದಿ ಕಾಣುವ ಸೀಟಾದರೆ ಕಣ್ಣು ಮುಚ್ಚಬೇಡಿ. ತುದಿಯ ಹತ್ತಿರ ಒಂದು ಸಣ್ಣ ರೆಪ್ಪೆಯಂಥದ್ದು ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ಏಲೆರಾನ್. ಗಾಳಿ ರೆಕ್ಕೆ ಎತ್ತಿದಾಗಲೆಲ್ಲ ಅದು ಚುರುಕಾಗಿ ತಿರುಗುವುದು ಕಾಣುತ್ತದೆ. ಒಮ್ಮೊಮ್ಮೆ ರೆಕ್ಕೆಯ ಬೆನ್ನಿನ ಮೇಲೆ ಒಂದೆರಡು ಹಲಗೆ ಅರ್ಧ ಎದ್ದು ಮಲಗುತ್ತವೆ. ಚಕ್ರ ನೆಲ ಮುಟ್ಟಿದ ಕೂಡಲೇ ಆ ಹಲಗೆಗಳೆಲ್ಲ ಒಟ್ಟಿಗೆ ನೆಟ್ಟಗೆ ನಿಲ್ಲುತ್ತವೆ, ರೆಕ್ಕೆಯ ಸಂದಿನಿಂದ ನೆಲ ಕಾಣುತ್ತದೆ, ಇಂಜಿನ್ ಗರ್ಜಿಸುತ್ತದೆ. ಅಲ್ಲಿಂದ ಮುಂದೆ ಭಾರ ಹೊರುವುದು ಚಕ್ರ, ರೆಕ್ಕೆಯಲ್ಲ.